ಸಂಖದ ಅಂಗಳದಲ್ಲೊಂದು ಲಂಗರು

ಜತ್ತದಲ್ಲಿ ಬಸ್ಸು ಬದಲಿಸಿ ಪೂರ್ವ ದಿಕ್ಕಿಗೆ ಹೊರಟರೆ ಹಾದಿಯ ಎರಡೂ ಬದಿಗೆ ಕಲ್ಲುನೆಲ, ಜಾಲಿಗಿಡ, ಸಜ್ಜೆ-ಜೋಳದ ಹೊಲಗಳು. ನೀರು ಸಿಕ್ಕ ಕಡೆ ದಾಳಿಂಬೆ, ದ್ರಾಕ್ಷಿಯ ತೋಟಗಳು. ಬಾಗಿದ ಮೂಗಿನ ಮಾಡಗ್ಯಾಳ ತಳಿಯ ಕುರಿಗಳ ಹಿಂಡು ರಸ್ತೆಗೆ ಅಡ್ಡ ಬಂದರೆ ಬಸ್ಸು ನಿಲ್ಲಲೇಬೇಕು. ಹೀಗೆ ನಿಂತು ನಿಂತು ಸಾಗಿದರೆ ಸಂಖ ಬರುತ್ತದೆ. ಜಿಲ್ಲೆ ಸಾಂಗಲಿ, ರಾಜ್ಯ ಮಹಾರಾಷ್ಟ್ರ. ಆದರೆ ಬಸ್ಸಿನಿಂದ ಇಳಿದವರ ಕಿವಿಗೆ ಮೊದಲು ಬೀಳುವ ಮಾತು ಕನ್ನಡ. ೧೯೪೮ರವರೆಗೆ ಈ ಸೀಮೆಯೆಲ್ಲ ಡಫಳೆ ಮನೆತನದ ಜತ್ತ ಸಂಸ್ಥಾನಕ್ಕೆ ಸೇರಿತ್ತು. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಬರುವ ಕನ್ನಡ ನಾಡಿನ ಭಕ್ತರಿಗೆ ಈ ಭಾಗದ ರಸ್ತೆಗಳೆಲ್ಲ ಚಿರಪರಿಚಿತ.

ಊರಿನ ಹೆಸರು ಕೇಳಿದೊಡನೆ ನಮ್ಮವರಿಗೆ ನೆನಪಾಗುವುದು ಶಂಖ. ಇಪ್ಪತ್ತೆರಡನೆಯ ತೀರ್ಥಂಕರ ಭಗವಾನ್ ನೇಮಿನಾಥರ ಲಾಂಛನ. ಶಂಖ ಹುಟ್ಟುವುದು ಸಮುದ್ರದಲ್ಲಿ. ಸಂಖದಿಂದ ಸಮುದ್ರ ನೇರ ಅಳತೆಯಲ್ಲೂ ೨೦೦ ಕಿಲೋಮೀಟರಿಗಿಂತ ಹೆಚ್ಚು ದೂರ, ನಡುವೆ ಸಹ್ಯಾದ್ರಿಯ ಗೋಡೆ ಬೇರೆ. ಆ ಗೋಡೆಯೇ ಮಳೆಯ ಮೋಡಗಳನ್ನು ಆಚೆ ತಡೆದು ಈ ಸೀಮೆಯನ್ನು ಬರದ ಸೀಮೆಯನ್ನಾಗಿ ಮಾಡಿದೆ. ಬೋರ ನದಿಗೆ ಅಡ್ಡಲಾಗಿ ಕಟ್ಟಿದ ಸಂಖ ಮಧ್ಯಮ ಪ್ರಕಲ್ಪದ ಕೆರೆ ತುಂಬಿದ ವರ್ಷ ಊರಿನವರ ಮುಖದಲ್ಲಿ ಕಳೆ. ತುಂಬದ ವರ್ಷ ಟ್ಯಾಂಕರಿನ ಹಾದಿ ಕಾಯುವುದೇ ಕೆಲಸ. ಇಂಥ ಊರಿನ ಒಂದು ಮನೆಯಲ್ಲಿ ನಾಲ್ಕು ದಿನ ಕುಳಿತು ಹಡಗಿನ ಲಂಗರಿನ ಬಗ್ಗೆ ಮಾತನಾಡಬೇಕಾಗಿ ಬಂದೀತೆಂದು ನಾನು ಎಂದೂ ಎಣಿಸಿರಲಿಲ್ಲ.

ನನ್ನ ಅಕ್ಕನನ್ನು ಕೊಟ್ಟ ಊರು ಸಂಖ. ಭಾವನದು ಮೂರು ತಲೆಮಾರಿನ ಕಿರಾಣಿ ಮತ್ತು ಕಾಳಿನ ವ್ಯಾಪಾರ. ಒಬ್ಬನೇ ಮಗ. ಅವನು ಹಡಗಿನ ಕೆಲಸದ ತರಬೇತಿ ಮುಗಿಸಿ, ಸರಕು ಹಡಗೊಂದರಲ್ಲಿ ಡೆಕ್ ಕೆಡೆಟ್ ಆಗಿ ಸೇರುವ ಪತ್ರ ಹಿಡಿದು ಬಂದಿದ್ದ. ಹತ್ತು ದಿನಗಳಲ್ಲಿ ಮುಂಬಯಿಗೆ ಹೋಗಬೇಕು. ಮನೆಯ ಹಿರಿಯರಾದ ಆಯಿ, ಎಂದರೆ ಅಕ್ಕನ ಅತ್ತೆ, ಊಟ ಬಿಟ್ಟು ಕುಳಿತಿದ್ದರು. ಅಕ್ಕ ಫೋನು ಮಾಡಿ, "ನೀ ಬಂದು ಒಂದು ಮಾತು ಹೇಳು" ಎಂದಳು. ಯಾರಿಗೆ ಹೇಳಬೇಕು, ಏನು ಹೇಳಬೇಕು ಎಂದು ಅವಳೂ ಹೇಳಲಿಲ್ಲ, ನನಗೂ ತಿಳಿದಿರಲಿಲ್ಲ.

ಪಾತಾಳಗರಡಿ ಹೇಳಿದ ಪಾಠ

ನಾನು ಹೋದ ದಿನ ಸಂಜೆಯೇ ಆಯಿ ಮಾತು ತೆಗೆದರು. "ಬೀಗರ, ನೀವಾದರೂ ಹೇಳ್ರಿ. ನೆಲ ಬಿಟ್ಟು ನೀರಿನ ಮ್ಯಾಲೆ ಇರೂದು ಯಾವ ಬಾಳೇವು? ಗಾಳಿ ಎತ್ತ ಒಯ್ದರ ಅತ್ತ ಹೋಗೂದ. ಹಿಡದ ನಿಲ್ಲಸಾಕ ಅಲ್ಲಿ ಏನೈತಿ?"

ಅಳಿಯ ನಕ್ಕು, "ಲಂಗರು ಐತಿ ಆಯಿ" ಎಂದ.

"ಲಂಗರು ಅಂದ್ರ?"

ಅವನು ಹಿತ್ತಲಿಗೆ ಹೋಗಿ ಗೋಡೆಯ ಗೂಟಕ್ಕೆ ನೇತುಹಾಕಿದ್ದ ಪಾತಾಳಗರಡಿಯನ್ನು ತಂದ. ಬಾವಿಗೆ ಬಿದ್ದ ಕೊಡ, ಬಕೀಟು ತೆಗೆಯುವ ಕಬ್ಬಿಣದ ಕೊಕ್ಕೆಗಳ ಗೊಂಚಲು. ಒಂದು ಕಾಲಕ್ಕೆ ಓಣಿಯೆಲ್ಲ ಇದೇ ಮನೆಯ ಗರಡಿಯನ್ನು ಕೇಳಿ ಒಯ್ಯುತ್ತಿತ್ತು. ಈಗ ಹಿತ್ತಲ ಬಾವಿಯಲ್ಲಿ ನೀರಿಲ್ಲ, ಗರಡಿಗೆ ತುಕ್ಕು ಹಿಡಿದಿತ್ತು. ಅವನು ಅದಕ್ಕೆ ಉದ್ದನೆಯ ಹಗ್ಗ ಕಟ್ಟಿ, ಅಂಗಳದ ಸಡಿಲ ಮಣ್ಣಿನಲ್ಲಿ ಒಗೆದು, ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟ.

"ಮಾಮಾ, ಮೊದಲು ಹತ್ತಿರ ನಿಂತು ಮ್ಯಾಲಕ್ಕ ಜಗ್ರಿ."

ಜಗ್ಗಿದೆ. ಗರಡಿ ಮಣ್ಣಿನಿಂದ ಸುಲಭವಾಗಿ ಎದ್ದು ಬಂತು.

"ಈಗ ದೂರ ಹೋಗ್ರಿ. ಹಗ್ಗ ನೆಲದ ಮ್ಯಾಲೆ ಮಲಗಲಿ. ಕೆಳಗ ಕುಂತು ಜಗ್ರಿ."

ಅಂಗಳದ ಇನ್ನೊಂದು ಮೂಲೆಗೆ ಹೋಗಿ, ಕುಕ್ಕರಗಾಲಿನಲ್ಲಿ ಕುಳಿತು ಎಳೆದೆ. ಗರಡಿಯ ಮೊನೆಗಳು ಮಣ್ಣಿನಲ್ಲಿ ಇಳಿದವು. ಎಳೆದಷ್ಟೂ ಇನ್ನಷ್ಟು ಇಳಿದವು. ನನ್ನ ಕೈ ಸೋತಿತೇ ಹೊರತು ಅದು ಜರುಗಲಿಲ್ಲ.

ಲಂಗರಿನ ಗುಟ್ಟು ಇಷ್ಟೇ ಎಂದು ಅವನು ವಿವರಿಸಿದ. ಲಂಗರು ಹಡಗನ್ನು ಕೇವಲ ತನ್ನ ಭಾರದಿಂದ ಹಿಡಿಯುವುದಿಲ್ಲ. ದೊಡ್ಡ ಸರಕು ಹಡಗಿನ ಭಾರ ಸಾವಿರಾರು ಟನ್. ಅದರ ಲಂಗರು ಹತ್ತು-ಹದಿನೈದು ಟನ್ ಇದ್ದರೂ ಹಡಗಿನ ಮುಂದೆ ಅದು ಯಾವ ಲೆಕ್ಕ? ಹಿಡಿತ ಬರುವುದು ಲಂಗರಿನ ಮೊನೆ ಕಡಲತಳದ ಕೆಸರು-ಮರಳಿನಲ್ಲಿ ಇಳಿಯುವುದರಿಂದ. ಮೊನೆ ಇಳಿಯಬೇಕಾದರೆ ಎಳೆತ ಮೇಲ್ಮುಖವಾಗಿರದೆ ನೆಲಕ್ಕೆ ಸಮನಾಗಿರಬೇಕು. ಅದಕ್ಕಾಗಿ ನೀರಿನ ಆಳಕ್ಕಿಂತ ಐದಾರು ಪಟ್ಟು ಉದ್ದದ ಸರಪಳಿ ಬಿಡುತ್ತಾರೆ. ಅದರ ಒಂದು ಭಾಗ ತಳದ ಮೇಲೆ ಮಲಗಿರುತ್ತದೆ. ಗಾಳಿ ಜೋರಾದಾಗ ಮೊದಲು ಆ ಸರಪಳಿ ಏಳುತ್ತ ಎಳೆತದ ಪೆಟ್ಟನ್ನು ತಾನು ನುಂಗುತ್ತದೆ. ಸರಪಳಿಯನ್ನು ಅಳೆಯುವ ಮಾನಕ್ಕೆ ಶ್ಯಾಕಲ್ ಎಂದು ಹೆಸರು. ಒಂದು ಶ್ಯಾಕಲ್ ಎಂದರೆ ಸುಮಾರು ೨೭.೫ ಮೀಟರ್. ಎಷ್ಟು ಶ್ಯಾಕಲ್ ಬಿಟ್ಟಿದ್ದೇವೆಂಬ ಲೆಕ್ಕ ಸದಾ ಇರಬೇಕು.

ಲಂಗರು ಹಾಕಿದ ಹಡಗು ಹಗಲಿನಲ್ಲಿ ಕಪ್ಪು ಗುಂಡೊಂದನ್ನು ಮೇಲೇರಿಸಿ, ರಾತ್ರಿ ಬಿಳಿಯ ದೀಪ ಹಚ್ಚಿ, ತಾನು ನಿಂತಿದ್ದೇನೆಂದು ಇತರರಿಗೆ ತಿಳಿಸುತ್ತದೆ. ನಿಂತ ಮೇಲೂ ಕಾವಲು ತಪ್ಪದು. ದಡದ ದೀಪಸ್ತಂಭ, ಗುಡ್ಡಗಳ ದಿಕ್ಕನ್ನು ಮೇಲಿಂದ ಮೇಲೆ ನೋಡಿ ಹಡಗು ಇದ್ದಲ್ಲೇ ಇದೆಯೋ, ಲಂಗರು ಜಾರುತ್ತಿದೆಯೋ ಎಂದು ಪರೀಕ್ಷಿಸುತ್ತಿರಬೇಕು. ಏಕೆಂದರೆ ಲಂಗರು ನಿಧಾನವಾಗಿ ಜಾರಿದರೆ ಹಡಗಿನಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ.

ಆಯಿ ಎಲ್ಲವನ್ನೂ ಕೇಳಿ, "ಇದು ಗರಡೀನ ಐತಿ ಬಿಡು" ಎಂದು ಒಳಗೆ ಹೋದರು.

ಕಲ್ಲಿನಿಂದ ಕಬ್ಬಿಣಕ್ಕೆ

ಮೊಟ್ಟಮೊದಲ ಲಂಗರು ಕಲ್ಲು. ತೂತು ಕೊರೆದ ಕಲ್ಲಿಗೆ ಹಗ್ಗ ಕಟ್ಟಿ ನೀರಿಗೆ ಬಿಡುತ್ತಿದ್ದರು. ನಮ್ಮ ಅಂಗಡಿಗಳಲ್ಲಿ ತೂಕದ ಬಟ್ಟಿಗೆ ಇಂದಿಗೂ ಕಲ್ಲು ಎನ್ನುವಂತೆ ಅಲ್ಲಿಯೂ ಭಾರವೆಂದರೆ ಕಲ್ಲೇ. ಕ್ರಮೇಣ ಕಲ್ಲಿಗೆ ಮೂರು ತೂತು ಬಂದವು: ಮೇಲಿನದು ಹಗ್ಗಕ್ಕೆ, ಕೆಳಗಿನ ಎರಡು ಮರದ ಗೂಟಗಳಿಗೆ. ಆ ಗೂಟಗಳೇ ತಳದಲ್ಲಿ ಕಚ್ಚಿಕೊಳ್ಳುವ ಮೊನೆಗಳು. ಭಾರದ ಜೊತೆಗೆ ಹಿಡಿತವೂ ಬೇಕೆಂದು ಮನುಷ್ಯ ಅರಿತ ಗುರುತು ಅದು.

ಇಂಥ ಕಲ್ಲಿನ ಲಂಗರುಗಳು ನಮ್ಮ ದೇಶದಲ್ಲಿ ಹೇರಳವಾಗಿ ಸಿಕ್ಕಿದ್ದು ಎಲ್ಲಿ ಗೊತ್ತೇ? ನೇಮಿನಾಥ ಸ್ವಾಮಿಯವರು ಬೆಳೆದ ದ್ವಾರಕೆಯ ಕಡಲಿನಲ್ಲಿ! ಈ ಶೋಧದ ಮುಂದಾಳು ಕನ್ನಡಿಗರೇ ಆದ ಪುರಾತತ್ವಜ್ಞ ಡಾ. ಎಸ್. ಆರ್. ರಾವ್. ೧೯೫೦ರ ದಶಕದಲ್ಲಿ ಗುಜರಾತಿನ ಲೋಥಲ್‌ನಲ್ಲಿ ಹರಪ್ಪಾ ಕಾಲದ ನೆಲೆಯನ್ನು ಅಗೆದವರು ಅವರೇ. ಅಲ್ಲಿಯ ಸುಮಾರು ೨೧೯ ಮೀಟರ್ ಉದ್ದ, ೩೭ ಮೀಟರ್ ಅಗಲದ ಇಟ್ಟಿಗೆಯ ಕಟ್ಟೆಯನ್ನು ಹಡಗುಕಟ್ಟೆ ಎಂದು ಅವರು ಗುರುತಿಸಿದರು. ಮುಂದೆ ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ವ ವಿಭಾಗ ಆರಂಭಿಸಿ ೧೯೮೦ರ ದಶಕದಲ್ಲಿ ದ್ವಾರಕೆಯ ಸಮುದ್ರಕ್ಕೆ ಮುಳುಗುಗಾರರನ್ನು ಇಳಿಸಿದರು. ಅವರ ಮತ್ತು ಅವರ ನಂತರದವರ ಶೋಧನೆಯಲ್ಲಿ ದ್ವಾರಕೆಯ ಸುತ್ತ ನೂರಕ್ಕೂ ಹೆಚ್ಚು ಕಲ್ಲಿನ ಲಂಗರುಗಳು ದೊರೆತವು. ಅವುಗಳಲ್ಲಿ ಹಲವು ಅರಬ್ಬಿ ವ್ಯಾಪಾರ ಭರದಿಂದ ನಡೆದ ಮಧ್ಯಯುಗದವೆಂದು ಇತ್ತೀಚಿನ ವಿದ್ವಾಂಸರ ಅಭಿಪ್ರಾಯ. ಅಂದರೆ ಬಹುಕಾಲ ಅಲ್ಲಿ ವ್ಯಾಪಾರಿಗಳು ಬಂದು ಲಂಗರು ಹಾಕುತ್ತಲೇ ಇದ್ದರು.

ದ್ವಾರಕೆಯ ಸೀಮೆಯಲ್ಲೇ ಇರುವ ಬೇಟ್ ದ್ವಾರಕೆ ದ್ವೀಪಕ್ಕೆ ಶಂಖೋದ್ಧಾರ ಎಂಬ ಹೆಸರೂ ಉಂಟು. ಅಲ್ಲಿಯ ಕಡಲು ಶಂಖಗಳಿಗೆ ಹೆಸರುವಾಸಿ. ಶ್ರೀಕೃಷ್ಣನ ಆಯುಧಶಾಲೆಯಲ್ಲಿ ಬಾಲ ನೇಮಿಕುಮಾರನು ಪಾಂಚಜನ್ಯವನ್ನು ಲೀಲೆಯಿಂದ ಊದಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅದೇ ನೇಮಿಕುಮಾರ ಮದುವೆಯ ಮೆರವಣಿಗೆಯಲ್ಲಿ ಕೂಡಿಹಾಕಿದ ಪ್ರಾಣಿಗಳ ಕೂಗು ಕೇಳಿ, ರಥ ತಿರುಗಿಸಿ ಗಿರನಾರ ಬೆಟ್ಟ ಏರಿದ್ದೂ ಗೊತ್ತು.

ಕಲ್ಲಿನ ನಂತರ ಬಂದದ್ದು ಕಬ್ಬಿಣ. ಗ್ರೀಕರು, ರೋಮನರು ಎರಡು ತೋಳಿನ ಲಂಗರಿಗೆ ಮೇಲ್ಭಾಗದಲ್ಲಿ ಅಡ್ಡದಂಡ ಇಟ್ಟರು. ತೋಳುಗಳು ಒಂದು ದಿಕ್ಕಿಗೆ, ಅಡ್ಡದಂಡ ಇನ್ನೊಂದು ದಿಕ್ಕಿಗೆ. ಇದರಿಂದ ಲಂಗರು ಹೇಗೇ ಬಿದ್ದರೂ ಹೊರಳಿ ಒಂದು ಮೊನೆ ನೆಲಕ್ಕೆ ತಾಗುತ್ತದೆ. ಚಿತ್ರಗಳಲ್ಲಿ ನಾವು ನೋಡುವ ಲಂಗರು ಇದೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಾರಿನ ಹಗ್ಗದ ಬದಲು ಕಬ್ಬಿಣದ ಸರಪಳಿ ಬಂತು. ಮುಂದೆ ಅಡ್ಡದಂಡವಿಲ್ಲದ, ತೋಳುಗಳೇ ಮಡಚಿಕೊಳ್ಳುವ ಲಂಗರು ರೂಢಿಗೆ ಬಂತು. ಇಂದಿನ ದೊಡ್ಡ ಹಡಗುಗಳ ಮೂತಿಯ ಬದಿಗೆ ಕಾಣುವುದು ಅದು.

ನಮ್ಮವರು ಯಾರು ಹಡಗು ಏರಿದ್ದರು?

ಮರುದಿನ ಆಯಿಯ ಪ್ರಶ್ನೆ ಬೇರೆಯಾಗಿತ್ತು. "ನಮ್ಮ ಮಂದ್ಯಾಗ ಯಾರು ಹಡಗ ಏರ್ಯಾರ? ನಾವು ಅಂಗಡಿ ಮಂದಿ."

ನಾನು ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ನಮ್ಮ ಪುರಾಣಗಳಲ್ಲಿ ಅಂಗಡಿ ಮಂದಿಯೇ ಹಡಗು ಏರಿದವರು. ಮೈನಾಸುಂದರಿಯ ಪತಿ ಶ್ರೀಪಾಲ ಮಹಾರಾಜನ ಕಥೆಯಲ್ಲಿ ಧವಳ ಸೇಠನ ಹಡಗುಗಳು ಬಂದರಿನಲ್ಲಿ ಅಲ್ಲಾಡದೆ ನಿಂತುಬಿಡುತ್ತವೆ. ಶ್ರೀಪಾಲ ಪಂಚಪರಮೇಷ್ಠಿಗಳನ್ನು ನೆನೆದು ಅವುಗಳನ್ನು ಬಿಡಿಸುತ್ತಾನೆ. ಹರಿವಂಶ ಪುರಾಣದ ಚಾರುದತ್ತ ಶ್ರೇಷ್ಠಿ ಕಳೆದ ಸಂಪತ್ತನ್ನು ಗಳಿಸಲು ಸಮುದ್ರಯಾನ ಮಾಡಿ, ಹಡಗು ಒಡೆದು ಕಷ್ಟಪಡುತ್ತಾನೆ.

ಶ್ವೇತಾಂಬರ ಪರಂಪರೆಯ ಜ್ಞಾತಾಧರ್ಮಕಥಾ ಆಗಮದಲ್ಲಿ ಚಂಪಾನಗರಿಯ ಅರ್ಹನ್ನಕನ ಕಥೆ ಇದೆ. ಅವನು ಶ್ರಾವಕ, ವ್ಯಾಪಾರಿ. ಹಡಗಿನಲ್ಲಿ ಅವನು ತುಂಬಿದ ಸರಕು ನಾಲ್ಕು ಬಗೆಯದು: ಎಣಿಸಿ ಮಾರುವುದು, ತೂಗಿ ಮಾರುವುದು, ಅಳೆದು ಮಾರುವುದು, ಪರೀಕ್ಷಿಸಿ ಮಾರುವುದು. ನಮ್ಮ ಅಂಗಡಿಗಳ ಸರಕನ್ನು ಇಂದಿಗೂ ಹೀಗೇ ನಾಲ್ಕು ಭಾಗ ಮಾಡಬಹುದಲ್ಲವೇ? ನಡುಗಡಲಿನಲ್ಲಿ ಒಬ್ಬ ದೇವನು ಪಿಶಾಚಿಯ ರೂಪದಲ್ಲಿ ಬಂದು, ವ್ರತಗಳನ್ನು ಬಿಡು, ಇಲ್ಲದಿದ್ದರೆ ಹಡಗನ್ನು ಎತ್ತಿ ನೀರಿಗೆ ಅಪ್ಪಳಿಸುತ್ತೇನೆಂದು ಹೆದರಿಸುತ್ತಾನೆ. ಜೊತೆಯವರು ಗೋಳಾಡುತ್ತಾರೆ. ಅರ್ಹನ್ನಕ ಧ್ಯಾನಕ್ಕೆ ಕುಳಿತು ಅಲುಗುವುದಿಲ್ಲ. ಕೊನೆಗೆ ದೇವನೇ ಮೆಚ್ಚಿ ಎರಡು ಜೊತೆ ಕುಂಡಲ ಕೊಟ್ಟು ಹೋಗುತ್ತಾನೆ. ನಡುಗಡಲಿನಲ್ಲಿ ಯಾವ ಲಂಗರಿನ ಸರಪಳಿಯೂ ತಳ ಮುಟ್ಟುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಅಲ್ಲಿ ಅರ್ಹನ್ನಕನನ್ನು ಹಿಡಿದದ್ದು ಅವನ ವ್ರತ.

ಇನ್ನು ಇತಿಹಾಸ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಅವಳ ಸೀಮೆಯ ಮೆಣಸಿಗಾಗಿ ಶರಾವತಿಯ ಮುಖದಲ್ಲಿ, ಭಟ್ಕಳದಲ್ಲಿ ವಿದೇಶೀ ಹಡಗುಗಳು ಲಂಗರು ಹಾಕಿ ಕಾಯುತ್ತಿದ್ದವು. ಅದೇ ಶತಮಾನದಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರ ನೌಕಾಬಲಕ್ಕೆ ಎದುರು ನಿಂತಳು. ಅವಳು ಚೌಟ ಮನೆತನದ ಜೈನ ರಾಣಿ.

ಆದರೆ ಆಯಿಯ ಕಣ್ಣರಳಿಸಿದ್ದು ನೆರೆಯ ಸೊಲ್ಲಾಪುರದ ಮಾತು. ಸೇಠ ವಾಲಚಂದ ಹೀರಾಚಂದ ಹುಟ್ಟಿದ್ದು ೧೮೮೨ರಲ್ಲಿ ಸೊಲ್ಲಾಪುರದಲ್ಲಿ, ವ್ಯಾಪಾರ ಮಾಡಿಕೊಂಡಿದ್ದ ಗುಜರಾತಿ ದಿಗಂಬರ ಜೈನ ಕುಟುಂಬದಲ್ಲಿ. ಸಂಖದಷ್ಟೇ ಒಣ ಸೀಮೆ ಅದು. ೧೯೧೯ರಲ್ಲಿ ಅವರು ನರೋತ್ತಮ ಮೊರಾರಜಿ ಮೊದಲಾದ ಮಿತ್ರರೊಂದಿಗೆ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಕಟ್ಟಿದರು. ಗ್ವಾಲಿಯರ್ ಮಹಾರಾಜರಿಂದ ಕೊಂಡ 'ಲಾಯಲ್ಟಿ' ಎಂಬ ಹಡಗು ೧೯೧೯ರ ಏಪ್ರಿಲ್ ೫ರಂದು ಮುಂಬಯಿಯಲ್ಲಿ ಲಂಗರು ಎತ್ತಿ ಲಂಡನ್ನಿಗೆ ಹೊರಟಿತು. ಬ್ರಿಟಿಷ್ ಕಂಪನಿಗಳು ಬಾಡಿಗೆ ಇಳಿಸಿ ಇವರನ್ನು ಮುಳುಗಿಸಲು ನೋಡಿದವು. ವಾಲಚಂದರು ಮುಳುಗಲಿಲ್ಲ. ಇಂದಿಗೂ ಏಪ್ರಿಲ್ ೫ನ್ನು ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಾರೆ. ೧೯೪೧ರಲ್ಲಿ ವಿಶಾಖಪಟ್ಟಣದಲ್ಲಿ ಅವರ ಹಡಗು ಕಾರಖಾನೆಗೆ ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲು ಇಟ್ಟರು. ಅಲ್ಲಿ ಕಟ್ಟಿದ 'ಜಲ ಉಷಾ' ಹಡಗನ್ನು ೧೯೪೮ರ ಮಾರ್ಚಿಯಲ್ಲಿ ಪಂಡಿತ ನೆಹರೂ ನೀರಿಗಿಳಿಸಿದರು. ಆ ಕಾರಖಾನೆ ಮುಂದೆ ಸರ್ಕಾರದ ಹಿಂದೂಸ್ತಾನ ಶಿಪ್‌ಯಾರ್ಡ್ ಆಯಿತು. ಅದೇ ಶಿಪ್‌ಯಾರ್ಡ್ ಕಟ್ಟಿದ ತಟರಕ್ಷಕ ದಳದ ಗಸ್ತು ಹಡಗೊಂದು ೨೦೧೨ರ ಜನವರಿಯಲ್ಲಿ ಸೇವೆಗೆ ಸೇರಿತು. ಅದರ ಹೆಸರು 'ರಾಣಿ ಅಬ್ಬಕ್ಕ'. ಸೊಲ್ಲಾಪುರದ ಶ್ರಾವಕ ಕಟ್ಟಿದ ಕಾರಖಾನೆಯಿಂದ ಉಳ್ಳಾಲದ ಶ್ರಾವಿಕೆಯ ಹೆಸರಿನ ಹಡಗು!

"ಸಾಂಗಲಿಯೊಳಗಿನ ವಾಲಚಂದ ಕಾಲೇಜು ಅವರದ ಹೆಸರಿಂದು ಆಯಿ" ಎಂದು ಅಳಿಯ ಸೇರಿಸಿದ.

ವಿರೋಧವೂ ಇತ್ತು ಎಂಬುದನ್ನು ಮುಚ್ಚಿಡಬಾರದು. ೧೮೯೩ರಲ್ಲಿ ಚಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಜೈನ ಧರ್ಮದ ಪ್ರತಿನಿಧಿಯಾಗಿ ಹೋದ ವೀರಚಂದ ರಾಘವಜಿ ಗಾಂಧಿಯವರು ಹಿಂದಿರುಗಿದಾಗ, ಕಡಲು ದಾಟಿದ್ದಕ್ಕಾಗಿ ಸಮಾಜದ ಕೆಲವರೇ ಅವರನ್ನು ವಿರೋಧಿಸಿದ್ದರು. ಅವರು ಪರದೇಶದಲ್ಲಿ ಆಹಾರದ ನಿಯಮ ಬಿಟ್ಟಿರಲಿಲ್ಲ. ಆಯಿಯ ಭಯ ಹೊಸದಲ್ಲ, ಕೀಳೂ ಅಲ್ಲ.

ಲಂಗರು ಏನನ್ನು ಸೂಚಿಸುತ್ತದೆ?

ಬೇರೆ ಬೇರೆ ಜನ ಲಂಗರನ್ನು ಬೇರೆ ಬೇರೆ ಅರ್ಥದಲ್ಲಿ ಕಂಡಿದ್ದಾರೆ. ರೋಮ್ ನಗರದ ನೆಲದಡಿಯ ಸಮಾಧಿಗಳಲ್ಲಿ ಆದಿ ಕ್ರೈಸ್ತರು ಲಂಗರಿನ ಚಿತ್ರ ಕೆತ್ತಿದರು. ಅವರಿಗೆ ಅದು ಭರವಸೆಯ ಗುರುತು. ಅಲೆಗ್ಸಾಂಡರನ ಸೇನಾನಿ ಸೆಲ್ಯೂಕಸನ ವಂಶದವರ ನಾಣ್ಯಗಳಲ್ಲಿ ಲಂಗರು ರಾಜಚಿಹ್ನೆ. ನಮ್ಮ ನೌಕಾಪಡೆಯ ಲಾಂಛನದಲ್ಲಿಯೂ ಲಂಗರು ಇದೆ. ೨೦೨೨ರ ಸೆಪ್ಟೆಂಬರ್ ೨ರಂದು ಕೊಚ್ಚಿಯಲ್ಲಿ ಅನಾವರಣಗೊಂಡ ನೌಕಾಧ್ವಜದಲ್ಲಿ ಶಿವಾಜಿ ಮಹಾರಾಜರ ಮುದ್ರೆಯಿಂದ ಸ್ಫೂರ್ತಿ ಪಡೆದ ಎಂಟು ಮೂಲೆಯ ಚೌಕಟ್ಟಿನೊಳಗೆ ಅದಕ್ಕೆ ಸ್ಥಾನ ದೊರೆತಿದೆ.

ನಮ್ಮ ಲಾಂಛನಗಳನ್ನು ನೋಡೋಣ. ಶಂಖ ಇದೆ, ಮೀನ ಇದೆ, ಮಕರ ಇದೆ, ಕೂರ್ಮ ಇದೆ. ತೀರ್ಥಂಕರರ ಮಾತೆ ಕಂಡ ಶುಭ ಸ್ವಪ್ನಗಳಲ್ಲಿ ಸಮುದ್ರವೂ ಇದೆ. ಲಂಗರು ಮಾತ್ರ ಇಲ್ಲ. ಇದಕ್ಕೆ ಕಾರಣ ಹುಡುಕುತ್ತ ನನಗೆ ಹೊಳೆದದ್ದು ಇಷ್ಟು. ನಮ್ಮಲ್ಲಿ ಸಂಸಾರವೇ ಸಾಗರ. ತೀರ್ಥ ಎಂದರೆ ದಾಟುವ ಸ್ಥಳ, ತೀರ್ಥಂಕರರು ದಾಟುವ ದಾರಿ ಮಾಡಿಕೊಟ್ಟವರು. ದೋಣಿಯ ತೂತಿನಿಂದ ನೀರು ಒಳಬರುವುದು ಆಸ್ರವ, ತೂತು ಮುಚ್ಚುವುದು ಸಂವರ, ಒಳಗಿನ ನೀರು ಎತ್ತಿ ಚೆಲ್ಲುವುದು ನಿರ್ಜರಾ ಎಂದು ಪಾಠಶಾಲೆಯಲ್ಲಿ ಕಲಿತಿದ್ದೇವೆ. ದಾಟಬೇಕಾದ ಸಾಗರದಲ್ಲಿ ನಿಂತುಬಿಡುವುದು ಗುರಿಯಲ್ಲ. ಆದ್ದರಿಂದ ಲಂಗರು ಪೂಜೆಯ ಚಿಹ್ನೆಯಾಗಲಿಲ್ಲ.

ಆದರೆ ಮುನಿಗಳಂತೆ ಒಂದೇ ಸಮನೆ ದಾಟುವ ಶಕ್ತಿ ಗೃಹಸ್ಥರಾದ ನಮಗಿಲ್ಲ. ಗಾಳಿ ಎದ್ದಾಗ ಕೊಚ್ಚಿಹೋಗದಂತೆ ಹಿಡಿದುಕೊಳ್ಳಲು ನಮಗೊಂದು ಸಾಧನ ಬೇಕು. ಅದು ಚಿಹ್ನೆಯಾಗಿ ಬಾರದೆ ವ್ರತವಾಗಿ ಬಂದಿದೆ.

ಅಜ್ಜನ ಕೀರ್ದಿ

ಮೂರನೆಯ ದಿನ ಭಾವ ಅಂಗಡಿಯ ಅಟ್ಟದಿಂದ ಕೆಂಪು ಬಟ್ಟೆಯ ರಟ್ಟಿನ ಹಳೆಯ ಕೀರ್ದಿಯೊಂದನ್ನು ತೆಗೆದು ತಂದರು. ಅಷ್ಟು ದಿನ ಅವರು ಒಂದು ಮಾತೂ ಆಡಿರಲಿಲ್ಲ. ಕೀರ್ದಿಯ ಮೊದಲ ಪುಟದಲ್ಲಿ ಅವರ ತಂದೆಯ ಕೈಬರಹ. ವಿಹಾರದಲ್ಲಿ ಬಂದ ಮುನಿ ಮಹಾರಾಜರ ಸಮ್ಮುಖದಲ್ಲಿ ಅವರು ತೆಗೆದುಕೊಂಡ ದಿಗ್ವ್ರತ ಅದರಲ್ಲಿತ್ತು: ಉತ್ತರಕ್ಕೆ ಭೀಮಾ ನದಿ, ದಕ್ಷಿಣಕ್ಕೆ ಕೃಷ್ಣಾ ನದಿ, ಪಶ್ಚಿಮಕ್ಕೆ ಸಹ್ಯಾದ್ರಿ, ಪೂರ್ವಕ್ಕೆ ಎರಡೂ ನದಿಗಳು ಕೂಡುವ ಸ್ಥಳ. ಇದರಾಚೆ ವ್ಯಾಪಾರಕ್ಕೆ ಹೋಗುವುದಿಲ್ಲ.

ವಾಚಕರಿಗೆ ತಿಳಿದಿರುವಂತೆ ದಿಗ್ವ್ರತ ಗುಣವ್ರತಗಳಲ್ಲಿ ಮೊದಲನೆಯದು. ಹತ್ತು ದಿಕ್ಕುಗಳಲ್ಲಿ ಇಷ್ಟು ದೂರದಾಚೆ ಹೋಗಲಾರೆನೆಂದು ಆಜೀವ ಮಿತಿ ಹಾಕಿಕೊಳ್ಳುವುದು. ಆಚೆಯ ಕ್ಷೇತ್ರದಲ್ಲಿ ತನ್ನಿಂದ ಹಿಂಸೆಯೂ ಇಲ್ಲ, ಲೋಭವೂ ಇಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮುದ್ರ, ನದಿ, ಅಡವಿ, ಬೆಟ್ಟ, ದೇಶ, ಯೋಜನಗಳನ್ನು ಗುರುತಾಗಿಟ್ಟು ಮಿತಿ ಹಾಕಿಕೊಳ್ಳಬೇಕೆಂದು ತಿಳಿಸಿದ್ದಾರೆ. ಅಜ್ಜ ಮಾಡಿದ್ದೂ ಅದನ್ನೇ. ಹೈದರಾಬಾದಿನ ಗಿರಾಕಿ ಶೇಂಗಾಕ್ಕೆ ಒಳ್ಳೆಯ ದರ ಕ್ವಚಿತ್ತಾಗಿ ಹೇಳಿ ಕರೆದಾಗಲೂ ಅವರು ಹೋಗಲಿಲ್ಲವೆಂದು ಭಾವ ನೆನೆದರು.

ಆ ಪುಟವನ್ನು ಅಳಿಯ ಬಹಳ ಹೊತ್ತು ನೋಡಿದ. ಆಮೇಲೆ, "ಮಾಮಾ, ಲಂಗರು ಹಾಕಿದ ಹಡಗು ಸುಮ್ಮನ ನಿಲ್ಲೂದಿಲ್ಲ. ಗಾಳಿ ತಿರುಗಿದಂಗ ಅದೂ ತಿರುಗತೈತಿ. ಸರಪಳಿ ಎಷ್ಟು ಉದ್ದ ಬಿಟ್ಟೇವಿ ಅಷ್ಟು ದೊಡ್ಡ ಸುತ್ತು. ಆ ಸುತ್ತಿನೊಳಗ ಬ್ಯಾರೆ ಹಡಗ ಬರಬಾರದು, ಇದೂ ಸುತ್ತು ಬಿಟ್ಟು ಹೋಗಬಾರದು. ಅಜ್ಜಾ ಬರದದ್ದು ಅದ ಐತಿ" ಎಂದ.

ಈ ಮಾತು ನನ್ನನ್ನು ತಟ್ಟಿತು. ತತ್ತ್ವಾರ್ಥಸೂತ್ರದಲ್ಲಿ ದಿಗ್ವ್ರತಕ್ಕೆ ಹೇಳಿದ ಐದು ಅತಿಚಾರಗಳು ನೆನಪಾದವು. ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಮಿತಿ ಮೀರುವುದು ಮೂರು. ನಾಲ್ಕನೆಯದು ಕ್ಷೇತ್ರವೃದ್ಧಿ, ಲೋಭದಿಂದ ಮಿತಿಯನ್ನೇ ಹಿಗ್ಗಿಸುವುದು. ಇದು ಯಾರಿಗೂ ಹೇಳದೆ ಇನ್ನೆರಡು ಶ್ಯಾಕಲ್ ಸರಪಳಿ ಬಿಟ್ಟ ಹಾಗೆ. ಐದನೆಯದು ಸ್ಮೃತ್ಯಂತರಾಧಾನ, ಹಾಕಿಕೊಂಡ ಮಿತಿಯನ್ನು ಮರೆತುಬಿಡುವುದು. ಇದು ಲಂಗರು ಜಾರುತ್ತಿದ್ದರೂ ತಿಳಿಯದೆ ಇದ್ದ ಹಾಗೆ. ವ್ಯಾಪಾರಿ ಕುಟುಂಬಗಳಲ್ಲಿ ನಮ್ಮನ್ನು ಮುಳುಗಿಸುವುದು ಮೊದಲ ಮೂರಲ್ಲ, ಈ ಕೊನೆಯ ಎರಡು. ಅಂಗಡಿಯಲ್ಲಿ ಕುಳಿತೇ, ಊರು ಬಿಡದೆಯೇ, ನಮ್ಮ ಲಂಗರು ಎಷ್ಟೋ ಸಲ ಜಾರಿರುತ್ತದೆ. ಸಾಲ ಮಾಡಿ ಹಿಗ್ಗಿಸಿದ ವ್ಯವಹಾರ, ಇಂದು ಒಂದು ದಿನ ಎಂದು ಬಿಟ್ಟ ರಾತ್ರಿಭೋಜನ ತ್ಯಾಗ... ದಡದ ಗುರುತು ನೋಡುವವರೇ ಇಲ್ಲದಿದ್ದರೆ ಜಾರಿದ್ದು ತಿಳಿಯುವುದು ಹೇಗೆ?

ಆಯಿ ಕೀರ್ದಿಯ ಮೇಲೆ ಕೈಯಿಟ್ಟು, "ಅವರು ಹೊಳಿ ದಾಟಲಿಲ್ಲ. ಮೊಮ್ಮಗ ಕಡಲ ದಾಟತೀನಿ ಅಂತಾನ" ಎಂದು ಕಣ್ಣೀರು ತಂದರು.

ಆಗ ನಾನು ಹೇಳಬೇಕಾದ ಮಾತು ನನಗೆ ಸಿಕ್ಕಿತು. "ಆಯಿ, ವ್ರತ ಆಸ್ತಿ ಅಲ್ಲ, ವಾರಸಾ ಬರೂದಿಲ್ಲ. ಅಜ್ಜಾರ ಹಗ್ಗ ಅಜ್ಜಾರು ಅಳೆದರು. ಇವನ ಹಗ್ಗ ಇವನ ಅಳೀಬೇಕು. ಅಳೀತಾನೋ ಇಲ್ಲೋ ಅದನ್ನ ಕೇಳ್ರಿ. ಎಷ್ಟು ದೂರ ಹೋಗತಾನ ಅಂತ ಕೇಳಬ್ಯಾಡ್ರಿ."

ಆಯಿ ಮೊಮ್ಮಗನ ಕಡೆಗೆ ನೋಡಿದರು. ಅವನು ಅಂದು ರಾತ್ರಿ ಅದೇ ಕೀರ್ದಿಯ ಎರಡನೆಯ ಪುಟದಲ್ಲಿ ಬರೆದ. ಹಡಗು ಎಲ್ಲಿಗೆ ಹೋಗುತ್ತದೆಂದು ನಿರ್ಧರಿಸುವವನು ಅವನಲ್ಲ, ಆದ್ದರಿಂದ ದಿಕ್ಕಿನ ಮಿತಿ ಬರೆಯಲಿಲ್ಲ. ಮದ್ಯ, ಮಾಂಸ, ಮಧು, ತತ್ತಿ ಮುಟ್ಟುವುದಿಲ್ಲ ಎಂದು ಬರೆದ. ಪಾಳಿ ಇಲ್ಲದ ದಿನ ರಾತ್ರಿ ಉಣ್ಣುವುದಿಲ್ಲ ಎಂದು ಬರೆದ. ಪಾಳಿಯ ದಿನದ ಬಗ್ಗೆ ಆಗದ ಮಾತು ಬರೆಯಲಿಲ್ಲ, ಅದು ನನಗೆ ಮೆಚ್ಚುಗೆಯಾಯಿತು. ಬಂದರಿನಲ್ಲಿ ಇಳಿಯುವ ಮುನ್ನ ಆ ದಿನ ಎಲ್ಲಿಯವರೆಗೆ, ಎಷ್ಟು ಹೊತ್ತು ಎಂದು ದೇಶಾವಕಾಶಿಕ ಮಾಡುತ್ತೇನೆ ಎಂದು ಬರೆದ. ದೇಶಾವಕಾಶಿಕ ಎಂದರೆ ಸ್ವಲ್ಪ ಕಾಲಕ್ಕೆ ಹಾಕಿಕೊಳ್ಳುವ ಕಿರಿದಾದ ಮಿತಿ. ಹಡಗಿನವರಿಗೆ ಒಪ್ಪುವ ವ್ರತ ಅದು. ಬಂದಲ್ಲಿ ಇಳಿಸಿ, ಹೊರಡುವಾಗ ಎತ್ತಿಕೊಳ್ಳಬಹುದು. ಪಗಾರದಲ್ಲಿ ತನ್ನ ಖರ್ಚಿಗೆ ಎಷ್ಟು, ಅಂಗಡಿಯ ಬಾಕಿಗೆ ಎಷ್ಟು ಎಂದೂ ಬರೆದು, ಕೆಳಗೆ ಸಹಿ ಹಾಕಿದ.

ಆಯಿಗೆ ಓದಲು ಬಾರದು. ಅಕ್ಕ ಓದಿ ಹೇಳಿದಳು. ಆಯಿ ಒಂದು ಷರತ್ತು ಸೇರಿಸಿದರು: "ಲಂಗರು ಹಾಕಿದಾಗೊಮ್ಮೆ ಣಮೋಕಾರ ಮಂತ್ರ. ಎತ್ತಿದಾಗೊಮ್ಮೆ ಇನ್ನೊಮ್ಮೆ." ಆಮೇಲೆ ಒಲೆಯ ಮುಂದೆ ಹೋಗಿ ರೊಟ್ಟಿ ತಟ್ಟಲು ಕುಳಿತರು.

ಅಂಗಡಿಯ ಪ್ರಶ್ನೆ ಬಗೆಹರಿಯಲಿಲ್ಲ ಎಂಬುದನ್ನೂ ಹೇಳಬೇಕು. ತನ್ನ ನಂತರ ಯಾರು ಎಂದು ಭಾವ ಕೇಳಲಿಲ್ಲ, ಅವನೂ ಹೇಳಲಿಲ್ಲ. ಇಂದು ನಮ್ಮ ಎಷ್ಟೋ ಊರುಗಳ ಎಷ್ಟೋ ಅಂಗಡಿಗಳಲ್ಲಿ ಈ ಪ್ರಶ್ನೆ ಹೀಗೆಯೇ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿದೆ. ಧರ್ಮಬಂಧುಗಳೇ, ಮಕ್ಕಳು ದೂರ ಹೋಗುವುದನ್ನು ನಾವು ತಡೆಯಲಾರೆವು. ಬರದ ಸೀಮೆಯವರಂತೂ ತಡೆಯಬಾರದು. ಹೋಗುವ ಮುನ್ನ ಅವರ ಕೈಗೆ ಹಳೆಯ ಕೀರ್ದಿ ಕೊಟ್ಟು, ಒಂದು ಖಾಲಿ ಪುಟ ತೋರಿಸಬಹುದು.

ನಾಲ್ಕನೆಯ ದಿನ ನಸುಕಿನಲ್ಲಿ ಅಳಿಯನೂ ನಾನೂ ಒಂದೇ ಬಸ್ಸಿಗೆ ಹೊರಟೆವು. ದೇವರ ಕೋಣೆಯ ನೇಮಿನಾಥ ಸ್ವಾಮಿಗೆ ನಮಸ್ಕರಿಸಿ ಹೊರಬಂದಾಗ ಅಂಗಳದಲ್ಲಿ ಆಯಿ ಪಾತಾಳಗರಡಿಯನ್ನು ಹಿಡಿದು ಕುಳಿತಿದ್ದರು. ಹಳೆಯ ಅರಿವೆಗೆ ಎಣ್ಣೆ ಹಚ್ಚಿ ಅದರ ತುಕ್ಕು ತಿಕ್ಕುತ್ತಿದ್ದರು.

"ಬಾವ್ಯಾಗ ನೀರಿಲ್ಲಲ್ಲ ಆಯಿ" ಎಂದೆ.

"ಮಳಿ ಆದರ ಬರತಾವ್ರಿ" ಎಂದರು.